ಹತ್ತು ಪೌಂಡಿನ ಸಮ್ಮಟಿಗೆ ಯಾವ ಕಾವು ಬಾಳುತ್ತದೆ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕು. ಸೈಜುಗಲ್ಲು ಒಡೆಯೋದು, ಬೇಲಿಗೆ ಕಲ್ಲುಕಂಬ ಸೀಳೋದು, ಹಳೇ ಮನೆ ಕೆಡವೋದು ನಮ್ಮ ಕೆಲಸ. ಆರು ಜನ ಇದ್ದೀವಿ, 10 ಪೌಂಡಿನ ನಾಲ್ಕು ಸಮ್ಮಟಿ ಇವೆ. ಕಾವು ತಿಂಗಳು ಬಾಳೋದೂ ಕಷ್ಟ. ನೀಲಗಿರಿ ಕಾವು ಉದ್ದಕ್ಕೂ ಸೀಳಿಹೋಯ್ತು. ತೇಗ ಗಟ್ಟಿ ಮರ ಅಂತ ಬಾಗಿಲು ಮಾಡಿ ಉಳಿದಿದ್ದ ತೇಗದಲ್ಲಿ ಮಾಡಿಸಿದೆವು, ತಲೆಯ ಕೆಳಗೇ ತುಂಡಾಯ್ತು. ಜಾಲಿ ಕಾವು ಮುರೀಲಿಲ್ಲ, ಆದರೆ ಬೇಸಿಗೆ ಬಂದ ಕೂಡಲೇ ತಲೆ ಅಲ್ಲಾಡೋಕೆ ಶುರುವಾಗುತ್ತೆ. ರಾತ್ರಿ ನೀರಿನ ತೊಟ್ಟಿಗೆ ಹಾಕಿದರೆ ಬೆಳಿಗ್ಗೆ ಬಿಗಿ, ಮಧ್ಯಾಹ್ನಕ್ಕೆ ಮತ್ತೆ ಸಡಿಲ. ಮೊನ್ನೆ ತಲೆ ಕಳಚಿ ಹಾರಿ ಜೊತೆಗಾರನ ಕಾಲ ಬಳಿ ಬಿತ್ತು. ವೆಲ್ಡಿಂಗ್ ಅಂಗಡಿಯವರು ಜಿಐ ಪೈಪ್ ಬೆಸೆದು ಕೊಡ್ತೀವಿ, ಜೀವಮಾನ ಪೂರ್ತಿ ನೋಡಬೇಕಿಲ್ಲ ಅಂತಾರೆ. ಆನ್‌ಲೈನಲ್ಲಿ ಫೈಬರ್ ಗ್ಲಾಸ್, ಹಿಕೋರಿ ಅಂತ ಏನೇನೋ ಸಿಗುತ್ತೆ. ಯಾವುದನ್ನ ನಂಬೋದು?

ಉತ್ತರ: ಮೊದಲು ಎರಡು ಮಾತು. ತಲೆ ಹಾರಿದ ಸಮ್ಮಟಿಯನ್ನು ಇವತ್ತೇ ಎತ್ತಿಡಿ. ಹೊಸ ಕಾವು ಕೂರಿಸುವ ತನಕ ಅದನ್ನು ಯಾರೂ ಮುಟ್ಟಬಾರದು. ಪೈಪ್ ಬೆಸೆಸುವ ಯೋಚನೆಯನ್ನೂ ಬಿಟ್ಟುಬಿಡಿ. ಕಾರಣ ಮುಂದೆ ಹೇಳುತ್ತೇನೆ.

ಇದು ಅವಸರದ ವಿಷಯ ಯಾಕೆಂದರೆ, 10 ಪೌಂಡ್ ಅಂದರೆ ನಾಲ್ಕೂವರೆ ಕಿಲೋ ಉಕ್ಕು. ಬಲವಾಗಿ ಬೀಸಿದಾಗ ತಲೆಯ ವೇಗ ಸೆಕೆಂಡಿಗೆ 10 ಮೀಟರ್ ಎಂದು ಹಿಡಿದರೆ ಅದರಲ್ಲಿರುವ ಶಕ್ತಿ ಸುಮಾರು 225 ಜೂಲ್. ಅದೇ ಗುಂಡನ್ನು 5 ಮೀಟರ್ ಎತ್ತರದಿಂದ ಕೆಳಕ್ಕೆ ಬಿಟ್ಟಾಗಲೂ ಹೊಡೆತ ಅಷ್ಟೇ ಇರುತ್ತದೆ. ಅದು ಕಲ್ಲಿನ ಮೇಲೆ ಬೀಳದೆ ಪಕ್ಕದಲ್ಲಿ ನಿಂತವರ ಮೊಣಕಾಲಿಗೆ ಬಿದ್ದರೆ ಕಾಲು ಉಳಿಯುವುದು ಕಷ್ಟ.

ನಿಮ್ಮ ಪ್ರಶ್ನೆ "ಯಾವ ಮರ" ಎಂದು. ಅದಕ್ಕೂ ಉತ್ತರ ಕೊಡುತ್ತೇನೆ. ಆದರೆ ನೀವು ಬರೆದಿರುವ ಮೂರು ಕಾವುಗಳು ಮೂರು ಬೇರೆ ಬೇರೆ ಕಾರಣಕ್ಕೆ ಕೆಟ್ಟಿವೆ, ಅದರಲ್ಲಿ ಮರದ ಜಾತಿಯದೇ ದೋಷ ಅನ್ನಬಹುದಾದ್ದು ಒಂದೇ. ನಾರಿನ ಓಟ ನೇರವಿದ್ದು, ಹದವಾಗಿ ಒಣಗಿ, ತಲೆಯ ಕಣ್ಣಿನಲ್ಲಿ, ಅಂದರೆ ಕಾವು ತೂರುವ ತೂತಿನಲ್ಲಿ, ಸರಿಯಾಗಿ ಕೂತ ಸಾಧಾರಣ ಜಾಲಿ ಕಾವು, ಇವು ಮೂರೂ ತಪ್ಪಿದ ಹಿಕೋರಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಮುರಿದ ತುಂಡು ಏನು ಹೇಳುತ್ತದೆ

ಕಾವು ಮುರಿದರೆ ಒಲೆಗೆ ಹಾಕುವ ಮೊದಲು ಮುರಿದ ಜಾಗವನ್ನು ನೋಡಿ.

ನೀಲಗಿರಿ ಉದ್ದಕ್ಕೆ ಸೀಳಿದೆ ಎಂದಿರಿ. ಮರವೆಂದರೆ ಹಂಚಿಕಡ್ಡಿಗಳನ್ನು ಒತ್ತಾಗಿ ಕಟ್ಟಿದ ಪೊರಕೆಯಂಥದು. ಕಡ್ಡಿಗಳನ್ನು ಅಡ್ಡ ಮುರಿಯುವುದು ಕಷ್ಟ, ಒಂದರಿಂದೊಂದು ಬಿಡಿಸುವುದು ಸುಲಭ. ಕಾವಿನ ಈ ತುದಿಯಿಂದ ಆ ತುದಿಗೆ ನಾರು ಅಖಂಡವಾಗಿ ಓಡಿದ್ದರೆ ಹೊಡೆತದ ಭಾರವನ್ನು ಎಲ್ಲ ನಾರೂ ಹಂಚಿಕೊಳ್ಳುತ್ತವೆ. ನಾರು ಓರೆಯಾಗಿ ಓಡಿ ಕಾವಿನ ಪಕ್ಕಕ್ಕೆ ಬಂದು ಮುಗಿದರೆ, ಅಲ್ಲಿ ಭಾರ ಹೊರುವುದು ನಾರಲ್ಲ, ನಾರು ನಾರಿನ ನಡುವಿನ ಅಂಟು. ಅದು ಬಹಳ ಬೇಗ ಬಿಟ್ಟುಕೊಡುತ್ತದೆ. ನೀಲಗಿರಿಯಲ್ಲಿ ನಾರು ಸುತ್ತಿಕೊಂಡು ಬೆಳೆಯುವುದು ಸಾಮಾನ್ಯ. ಮೇಲಾಗಿ ಎಳೆ ಮರದ ಒಳಗೇ ಬಿಗಿತವಿರುತ್ತದೆ, ಕಡಿದು ಒಣಗುವಾಗಲೇ ಸೀಳು ಬಿಡುತ್ತದೆ. ನಾಲ್ಕೈದು ವರ್ಷದ ನೀಲಗಿರಿ ಗಳು ಪೆಂಡಾಲಿಗೆ, ಸೆಂಟ್ರಿಂಗಿಗೆ ಸರಿ. ಸಮ್ಮಟಿಗೆ ಬೇಡ.

ತೇಗ ತಲೆಯ ಕೆಳಗೇ ಕಟ್ಟಾಗಿದೆ. ಇಲ್ಲಿ ಕಾರಣ ಎರಡಿರಬಹುದು. ಮೊದಲನೆಯದು ಮರದ ಗುಣ. ತೇಗ ಒಳ್ಳೆಯ ಮರವೇ. ಮಳೆ-ಬಿಸಿಲಿಗೆ ಸೊಟ್ಟಗಾಗುವುದಿಲ್ಲ, ಗೆದ್ದಲಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಅದಕ್ಕೇ ಬಾಗಿಲು ಕಿಟಕಿಗೆ ಬೇಕು. ಆದರೆ ಭಾರ ಹೊರುವ ಗಟ್ಟಿತನ ಬೇರೆ, ಪೆಟ್ಟು ತಡೆಯುವ ಗಟ್ಟಿತನ ಬೇರೆ. ಸಮ್ಮಟಿಯ ಕಾವು ಪ್ರತಿ ಪೆಟ್ಟಿಗೂ ತುಸು ಬಾಗಿ, ಹಿಂದಕ್ಕೆ ಬರಬೇಕು. ತೇಗ ಹೆಚ್ಚು ಬಾಗದೆ ಚಟ್ಟನೆ ತುಂಡಾಗುವ ಸ್ವಭಾವದ್ದು. ಎರಡನೆಯದು, ಬಾಗಿಲಿನ ಹಲಗೆಯನ್ನು ಗರಗಸದಲ್ಲಿ ಕೊಯ್ದಿರುತ್ತಾರೆ. ಗರಗಸ ನಾರನ್ನು ನೋಡಿಕೊಂಡು ಹೋಗುವುದಿಲ್ಲ, ಗೆರೆ ಹಾಕಿದ ಕಡೆ ಹೋಗುತ್ತದೆ. ಹಾಗಾಗಿ ನಾರು ಅಡ್ಡಡ್ಡ ತುಂಡಾಗಿರುವ ಸಾಧ್ಯತೆ ಹೆಚ್ಚು.

ತಲೆಯ ಕೆಳಗೆ ಮುರಿಯುವುದಕ್ಕೆ ಇನ್ನೊಂದು ಕಾರಣವನ್ನೂ ನೋಡಿಕೊಳ್ಳಿ, ಇದು ಮರದ್ದಲ್ಲ, ಬೀಸುವವರದ್ದು. ಗುರಿ ಒಂದೆರಡು ಅಂಗುಲ ತಪ್ಪಿದರೆ ತಲೆ ಉಳಿಯಿಂದಾಚೆ ಹೋಗಿ, ಉಳಿಯ ಅಂಚಿಗೋ ಕಲ್ಲಿನ ಅಂಚಿಗೋ ಕಾವು ಬಡಿಯುತ್ತದೆ. ಮುರಿದ ತುಂಡಿನಲ್ಲಿ, ತಲೆಯಿಂದ ಮೂರು ನಾಲ್ಕು ಅಂಗುಲದೊಳಗೆ, ಹೊಡೆಯುವ ಕಡೆಯ ಮೈಯಲ್ಲಿ ನಾರು ಜಜ್ಜಿ ಕುಚ್ಚಿನಂತಾಗಿದೆಯೇ ನೋಡಿ. ಆಗಿದ್ದರೆ ಯಾವ ಮರ ತಂದರೂ ಅದೇ ಜಾಗದಲ್ಲಿ ಮುರಿಯುತ್ತದೆ. ಹಳೇ ಸೈಕಲ್ ಟ್ಯೂಬನ್ನು ಒಂದಂಗುಲ ಅಗಲದ ಪಟ್ಟಿಯಾಗಿ ಕತ್ತರಿಸಿ, ತಲೆಯ ಕೆಳಗಿನಿಂದ ಆರು ಅಂಗುಲದ ತನಕ ಎಳೆದು ಎಳೆದು ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ. ತಪ್ಪಿದ ಪೆಟ್ಟನ್ನು ರಬ್ಬರ್ ತಿನ್ನುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ನೋಡಲೇಬೇಕು, ಅದರಡಿ ತೇವ ನಿಂತು ಮರ ಕೊಳೆಯಬಹುದು, ಬಿರುಕು ಮುಚ್ಚಿಹೋಗಬಹುದು.

ಇನ್ನು ಜಾಲಿ. ಅದು ಮುರಿಯಲಿಲ್ಲ, ಸಡಿಲವಾಯಿತು. ಇದು ಮರದ ಬಲಹೀನತೆಯೇ ಅಲ್ಲ. ಹಸಿ ಮರಕ್ಕೆ ತಲೆ ಕೂರಿಸಿದ್ದಾರೆ, ಅಷ್ಟೇ.

ನೀರಿನ ತೊಟ್ಟಿ ಯಾಕೆ ಬೇಡ

ನಮ್ಮ ಕಡೆ ಮಳೆಗಾಲದಲ್ಲಿ ನೆರಳಿನಲ್ಲಿಟ್ಟ ಮರದಲ್ಲಿ ಸುಮಾರು 15 ಶೇಕಡಾ ತೇವ ಇರುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಅದು 8 ಶೇಕಡಾದ ಆಸುಪಾಸಿಗೆ ಇಳಿಯಬಹುದು. ಗಟ್ಟಿ ಮರ ಅಗಲದಲ್ಲಿ ಪ್ರತಿ 1 ಶೇಕಡಾ ತೇವಕ್ಕೆ ಕಾಲು ಶೇಕಡಾಕ್ಕಿಂತ ತುಸು ಹೆಚ್ಚೇ ಕುಗ್ಗುತ್ತದೆ ಎಂದು ಲೆಕ್ಕ ಹಾಕಿದರೆ, 40 ಮಿ.ಮೀ. ಉದ್ದದ ಕಣ್ಣಿನಲ್ಲಿ ಮುಕ್ಕಾಲು ಮಿ.ಮೀ. ಸಂದು ಬೀಳುತ್ತದೆ. ತಲೆ ಅಲ್ಲಾಡುವುದಕ್ಕೆ ಅಷ್ಟು ಸಾಕು. ಹಸಿ ಮರವಾದರೆ ಇದರ ಎರಡು ಮೂರು ಪಟ್ಟು.

ನೀರಿಗೆ ಹಾಕಿದಾಗ ಮರ ಉಬ್ಬುತ್ತದೆ ಎಂಬುದು ನಿಜ. ಆದರೆ ಸುತ್ತ ಉಕ್ಕಿದೆ, ಉಬ್ಬುವುದಕ್ಕೆ ಜಾಗವಿಲ್ಲ. ಉಬ್ಬಲು ಹೊರಟ ನಾರು ಉಕ್ಕಿಗೆ ಒತ್ತಿ ಒಳಗೊಳಗೇ ಜಜ್ಜಿಹೋಗುತ್ತದೆ. ಮತ್ತೆ ಒಣಗಿದಾಗ ಮೊದಲಿದ್ದ ಅಳತೆಗಿಂತ ಸಣ್ಣದಾಗುತ್ತದೆ. ಹೀಗೆ ಪ್ರತಿ ರಾತ್ರಿಯ ನೆನೆಹಾಕುವಿಕೆ ಮರುದಿನದ ಸಡಿಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. "ನಮ್ಮಪ್ಪನ ಕಾಲದಿಂದ ನೆನೆಹಾಕ್ತಿದ್ದೀವಿ" ಎನ್ನುವವರಿದ್ದಾರೆ. ಗಂಟೆಯ ಮಟ್ಟಿಗೆ ಅದು ಕೆಲಸ ಮಾಡುವುದರಿಂದಲೇ ನಂಬಿಕೆ ಉಳಿದಿದೆ. ಕಣ್ಣಿನೊಳಗೆ ಸದಾ ತೇವ ಕೂತರೆ ಉಕ್ಕು ತುಕ್ಕು ಹಿಡಿದು ಮರ ಕಪ್ಪಾಗಿ ಪುಡಿಪುಡಿಯಾಗುವುದೂ ಉಂಟು.

ಪಕ್ಕದಿಂದ ಮೊಳೆ ಬಡಿಯುವುದು, ಸಂದಿಗೆ ಗೋಣಿ ತುರುಕುವುದು, ಮುರಿದ ಗರಗಸದ ತುಂಡು ಸಿಕ್ಕಿಸುವುದು ಎಲ್ಲವೂ ಇದೇ ಸಾಲಿನವು. ಮೊಳೆ ಹೋದ ಜಾಗದಲ್ಲೇ ಬಿರುಕು ಹುಟ್ಟುತ್ತದೆ.

ನಮ್ಮ ಸೀಮೆಯಲ್ಲಿ ಸಿಗುವ ಮರಗಳು

ಕರಿಜಾಲಿ, ನಿಮ್ಮಲ್ಲಿ ಗೊಬ್ಳಿ ಎಂದೂ ಕರೆಯುವ ಮರ, ನಿಮಗೆ ಮೊದಲ ಆಯ್ಕೆ. ಗಾಡಿ ಚಕ್ರ, ನೇಗಿಲಿಗೆ ಹಿಂದಿನವರು ಇದನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ತೇಗಕ್ಕಿಂತ ಭಾರ, ತೇಗಕ್ಕಿಂತ ಗಟ್ಟಿ, ಪೆಟ್ಟು ತಡೆಯುತ್ತದೆ. ಇದರಲ್ಲಿ ಕೆಂಪು-ಕಂದು ಬಣ್ಣದ ಚೇಗು, ಅಂದರೆ ಒಳತಿರುಳು, ಬೇಕು. ಹೊರಗಿನ ಬಿಳಿ ಭಾಗ ಬಲದಲ್ಲಿ ಅಷ್ಟೇನೂ ಕಡಿಮೆಯಲ್ಲ, ಆದರೆ ಅದಕ್ಕೆ ಕುಟ್ಟೆ ಹುಳು ಬೀಳುತ್ತದೆ. ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಆ ಕಾವನ್ನು ಬಿಸಾಡಿ. ಮೇಲೆ ನಾಲ್ಕು ತೂತು ಕಂಡರೆ ಒಳಗೆ ಸುರಂಗವೇ ಇರುತ್ತದೆ. ಜಾಲಿಯ ಕಷ್ಟ ಒಂದೇ: ಮೂರಡಿ ನೇರ, ಗಂಟಿಲ್ಲದ ತುಂಡು ಸಿಗಬೇಕಾದರೆ ಹುಡುಕಬೇಕು. ಬುಡದ ಕಡೆಯ ದಪ್ಪ ಬೊಡ್ಡೆಯಲ್ಲಿ ನೋಡಿ, ಕೊಂಬೆಯಲ್ಲಿ ಅಲ್ಲ. ಬಳ್ಳಾರಿ ಜಾಲಿ ಬೇರೆ ಮರ. ಅದೂ ಗಟ್ಟಿಯೇ, ಆದರೆ ಸೊಟ್ಟ, ಗಂಟು ಹೆಚ್ಚು. ಚಿಕ್ಕ ಸುತ್ತಿಗೆಗೆ ಸಾಕು.

ದಿಂಡಿಗ, ತಡಸಲು ಇವೆರಡೂ ಕಾಡುಮರಗಳು. ಕಾವಿಗೆಂದೇ ಹುಟ್ಟಿದಂಥವು. ದಿಂಡಿಗವನ್ನು ಗಾಡಿಯ ಅಚ್ಚಿಗೆ ಬಳಸುತ್ತಿದ್ದರು. ಬಹಳ ಭಾರ, ಬಹಳ ಗಟ್ಟಿ, ಒಣಗಿದ ಮೇಲೆ ಉಳಿಗೂ ಬಗ್ಗುವುದು ಕಷ್ಟ. ತಡಸಲು ಅದಕ್ಕಿಂತ ಹಗುರ, ಆದರೆ ಬಾಗಿ ಹಿಂದಕ್ಕೆ ಬರುವ ಗುಣದಲ್ಲಿ ನಮ್ಮ ಮರಗಳಲ್ಲಿ ಅದಕ್ಕೆ ಸಾಟಿ ಕಡಿಮೆ. ವಿದೇಶಿ ಹಿಕೋರಿ, ಆಶ್ ಮರಗಳ ಬದಲಿಗೆ ಭಾರತದಲ್ಲಿ ಮೊದಲು ಹೆಸರಿಸುವ ಮರ ಇದೇ. ಮೈಸೂರು, ಮಂಡ್ಯದ ಸಾಮಿಲ್‌ನಲ್ಲಿ ಅಥವಾ ಅರಣ್ಯ ಇಲಾಖೆಯ ಡಿಪೊ ಹರಾಜಿನಲ್ಲಿ ತಂದವರ ಬಳಿ ಸಿಕ್ಕರೆ ರಸೀದಿ ಸಹಿತ ಕೊಳ್ಳಿ. ಕಾಡಿನಿಂದ ಕಡಿದು ತಂದದ್ದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ, ಕೇಸು ನಿಮ್ಮ ಮೇಲೂ ಬರುತ್ತದೆ. ಕೆರೆಯಂಗಳದ ಗೊಬ್ಳಿಗೂ ಇದೇ ಮಾತು, ಅದೂ ಯಾರೂ ಕೇಳದ ಮರವಲ್ಲ. ಸ್ವಂತ ಜಮೀನಿನ ಮರವಾದರೂ ಕಡಿಯುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಅನುಮತಿ ಬೇಕೇ ಎಂದು ವಿಚಾರಿಸಿ.

ಹುಣಸೆ ತುಂಬ ಗಟ್ಟಿ, ಆದರೆ ನಾರು ಹೆಣೆದುಕೊಂಡಿರುತ್ತದೆ, ನೇರಕ್ಕೆ ಸೀಳುವುದಿಲ್ಲ. ಒನಕೆಗೆ, ಕೊಡತಿಗೆ ಅದು ಉತ್ತಮ. ಮೂರಡಿ ಕಾವಿಗೆ ಅಲ್ಲ. ಸರ್ವೆ ಭಾರವಿದ್ದರೂ ಒಣಗುವಾಗ ಬಿರುಕು ಬಿಡುತ್ತದೆ. ಸೀಬೆ ಮರದ ನೇರ ತುಂಡು ಸಿಕ್ಕರೆ ಎರಡು ಮೂರು ಪೌಂಡಿನ ಸುತ್ತಿಗೆಗೆ ಚೆನ್ನಾಗಿ ಬಾಳುತ್ತದೆ. ಮಾವು, ಸಿಲ್ವರ್ ಓಕ್, ಬೇವು ಸಮ್ಮಟಿಗೆ ಬೇಡ.

ಗಟ್ಟಿ ಬಿದಿರಿನ ವಿಷಯ ಬೇರೆ. ಜಲ್ಲಿ ಒಡೆಯುವವರು ಹಗುರ ಸುತ್ತಿಗೆಗೆ ಬಳುಕುವ ಬಿದಿರು ಕಾವು ಹಾಕುವುದನ್ನು ನೀವೂ ನೋಡಿರುತ್ತೀರಿ. ಅದು ಬಡತನದ ಉಪಾಯವಲ್ಲ, ಬಹಳ ತಿಳಿದು ಮಾಡಿದ್ದು. ಕಾವು ಬಳುಕುವುದರಿಂದ ಕಲ್ಲಿನ ಎದುರೇಟು ಮಣಿಕಟ್ಟಿಗೆ ಬರುವುದಿಲ್ಲ, ದಿನವಿಡೀ ಒಡೆಯಬಹುದು. ಆದರೆ ಅದು ಹಗುರ ತಲೆಗೆ ಹೊಂದುವ ಲೆಕ್ಕ. 10 ಪೌಂಡಿಗೆ ಬಿದಿರು ಹಾಕಿದರೆ ಗುರಿ ನಿಲ್ಲುವುದಿಲ್ಲ, ಬೆಣೆ ಬಡಿದಾಗ ಸೀಳುತ್ತದೆ.

ಹಿಕೋರಿ ಅಮೆರಿಕದ ಪೂರ್ವ ಭಾಗದ ಮರ. ಕಾವಿಗೆ ಜಗತ್ತಿನಲ್ಲೇ ಹೆಸರಾದದ್ದು, ಆ ಹೆಸರು ನ್ಯಾಯವಾದದ್ದೇ. ಒಂದು ತಪ್ಪು ನಂಬಿಕೆ ಅಲ್ಲೂ ಇದೆ: ಬಿಳಿ ಹಿಕೋರಿ ಗಟ್ಟಿ, ಕೆಂಪು ಭಾಗ ಪೊಳ್ಳು ಎಂದು. ಪರೀಕ್ಷೆಗಳಲ್ಲಿ ತೂಕ ಒಂದೇ ಇದ್ದರೆ ಎರಡರ ಬಲವೂ ಒಂದೇ ಎಂದು ಗೊತ್ತಾಗಿದೆ. ಆನ್‌ಲೈನಿನಲ್ಲಿ "ಹಿಕೋರಿ" ಎಂದು ಬರೆದಿದ್ದೆಲ್ಲ ಹಿಕೋರಿಯಾಗಿರುತ್ತದೆ ಎಂಬ ಭರವಸೆ ಇಲ್ಲ. ನಿಜವಾದದ್ದೇ ಬಂದರೂ ನಾರಿನ ಓಟವನ್ನು ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಕಾಗುತ್ತದೆ. ಮರಳಿಸುವ ಅವಕಾಶವಿದ್ದರೆ ಮಾತ್ರ ತರಿಸಿ.

ನಾರು ನೋಡುವ ಬಗೆ

ಕಾವನ್ನು ಬುಡದ ಕಡೆಯಿಂದ ನೋಡಿ. ಉಂಗುರದ ಗೆರೆಗಳು ಕಂಡರೆ ಅವು ಹೊಡೆಯುವ ದಿಕ್ಕಿಗೆ ಸಮನಾಗಿ, ಅಂದರೆ ಮೊಟ್ಟೆಯಾಕಾರದ ಉದ್ದ ಬದಿಗೆ ಸಮನಾಗಿ ಇರಬೇಕು. ಆದರೆ ನಮ್ಮ ಬಿಸಿಲುನಾಡಿನ ಎಷ್ಟೋ ಮರಗಳಲ್ಲಿ ಉಂಗುರ ಸ್ಪಷ್ಟವಿರುವುದಿಲ್ಲ. ಆಗ ಪಕ್ಕದ ಮೈ ನೋಡಿ. ಸಣ್ಣ ಗೀರುಗಳಂತೆ ರಂಧ್ರದ ಗೆರೆಗಳು ಓಡಿರುತ್ತವೆ. ಅವು 20 ಅಂಗುಲ ಉದ್ದಕ್ಕೆ ಒಂದಂಗುಲಕ್ಕಿಂತ ಹೆಚ್ಚು ಓರೆಯಾಗಿ ಹೊರಟಿದ್ದರೆ ಆ ಕಾವು ಬೇಡ. ಗೆರೆ ಕಾಣದಿದ್ದರೆ ನೀರು ಬೆರೆಸಿದ ಇಂಕಿನ ಒಂದು ಹನಿಯನ್ನು ಹೆರೆದ ಮೈಮೇಲೆ ಇಡಿ, ಅದು ನಾರಿನ ದಿಕ್ಕಿನಲ್ಲಿ ಹರಡುತ್ತದೆ. ನಾಲ್ಕೂ ಬದಿ ಹೀಗೆ ನೋಡಿ, ಮುಖ್ಯವಾಗಿ ತಲೆಯಿಂದ ಒಂದಡಿ ಒಳಗೆ. ಅಲ್ಲಿ ಗಂಟು ಇರಲೇಕೂಡದು. ಬುಡದ ತುದಿಯ ಸಣ್ಣ ಗಂಟನ್ನು ಕ್ಷಮಿಸಬಹುದು.

ಎಲ್ಲಕ್ಕಿಂತ ಖಚಿತವಾದ ದಾರಿ, ಕೊಯ್ಯಿಸದೆ ಸೀಳಿಸುವುದು. ಬೊಡ್ಡೆಯನ್ನು ಕೊಡಲಿ, ಬೆಣೆಯಿಂದ ಸೀಳಿದರೆ ಸೀಳು ನಾರಿನ ಜೊತೆಯೇ ಓಡುತ್ತದೆ. ಸೊಟ್ಟಗೆ ಸೀಳಿದ ತುಂಡು ಕಾವಿಗೆ ಆಗದು ಎಂದು ಅಲ್ಲೇ ತಿಳಿದುಹೋಗುತ್ತದೆ. ಕಲ್ಲು ಸೀಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂಗಡಿಯ ಕಾವು ಬಣ್ಣ ಬಳಿದಿದ್ದರೆ ಕೊಳ್ಳಬೇಡಿ. ಬಣ್ಣ ಗಂಟನ್ನೂ ಓರೆ ನಾರನ್ನೂ ಮುಚ್ಚುತ್ತದೆ. ಮರದ ಕಾವುಗಳಿಗೆ ಐಎಸ್ 620, ಉಕ್ಕಿನ ಸುತ್ತಿಗೆಗೆ ಐಎಸ್ 841 ಎಂಬ ಭಾರತೀಯ ಮಾನಕಗಳಿವೆ. ತಲೆ ಕೊಳ್ಳುವಾಗ ಐಎಸ್‌ಐ ಗುರುತು ಇದೆಯೇ ನೋಡುವುದು ಒಳ್ಳೆಯದು.

ಒಣಗಿಸುವುದು, ಕೂರಿಸುವುದು

ಎರಡೂವರೆ ಅಂಗುಲ ದಪ್ಪ, 40 ಅಂಗುಲ ಉದ್ದದ ಸೀಳುಗಳನ್ನು ಮಾಡಿ ಎರಡು ತುದಿಗೂ ಹಳೇ ಬಣ್ಣ ಅಥವಾ ಮೇಣ ಬಳಿಯಿರಿ. ಸೆಗಣಿ ಮೆತ್ತುವ ಹಳೆಯ ರೂಢಿಯೂ ಸರಿಯೇ. ತುದಿ ಬೇಗ ಒಣಗಿ ಬಿರಿಯದಂತೆ ತಡೆಯುವುದೇ ಇದರ ಉದ್ದೇಶ. ನೆಲದಿಂದ ಒಂದಡಿ ಎತ್ತರದಲ್ಲಿ, ನಡುವೆ ರೀಪು ಕೊಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಿ. ಬಿಸಿಲಿಗೆ ಹಾಕಬೇಡಿ. ಎಷ್ಟು ದಿನ ಎಂಬುದಕ್ಕೆ ತಕ್ಕಡಿಯೇ ಉತ್ತರ: ಎರಡು ವಾರಕ್ಕೊಮ್ಮೆ ಒಂದೇ ತುಂಡನ್ನು ತೂಗಿ ಬರೆದಿಡಿ. ಎರಡು ಮೂರು ಸಲ ತೂಕ ಬದಲಾಗದೇ ಹೋದರೆ ಒಣಗಿದೆ. ಆರೇಳು ತಿಂಗಳಿಂದ ವರ್ಷ ಹಿಡಿಯಬಹುದು. ಕಾವನ್ನು ಕೂರಿಸಲು ಅತ್ಯುತ್ತಮ ಕಾಲ ಬೇಸಿಗೆಯ ಕೊನೆ, ಮರ ಆದಷ್ಟು ಕುಗ್ಗಿರುವಾಗ. ಆಗ ಕೂರಿಸಿದ್ದು ಮಳೆಗಾಲದಲ್ಲಿ ಇನ್ನಷ್ಟು ಬಿಗಿಯಾಗುತ್ತದೆ, ಸಡಿಲವಾಗುವುದಿಲ್ಲ.

ಹಳೆಯ ತುಂಡು ಕಣ್ಣಿನಲ್ಲಿ ಸಿಕ್ಕಿಕೊಂಡಿದ್ದರೆ ಬೆಂಕಿಗೆ ಹಾಕಿ ಸುಡಬೇಡಿ. ಇದು ಊರೂರಲ್ಲಿ ನಡೆಯುವ ತಪ್ಪು. ಸಮ್ಮಟಿಯ ಮುಖವನ್ನು, ಅಂದರೆ ಬಡಿಯುವ ಬದಿಯನ್ನು, ಕಾಯಿಸಿ ಗಟ್ಟಿಯಾಗುವಂತೆ ಹದ ಹಾಕಿರುತ್ತಾರೆ. ಬೆಂಕಿಯಲ್ಲಿ 300 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಹದ ಇಳಿದುಹೋಗಿ, ಮುಖ ಮೆತ್ತಗಾಗಿ ಅಣಬೆಯಂತೆ ಅಂಚು ಹರಡುತ್ತದೆ. ಕಾವನ್ನು ತಲೆಯ ಮಟ್ಟಕ್ಕೆ ಗರಗಸದಲ್ಲಿ ಕತ್ತರಿಸಿ, ಉಳಿದದ್ದಕ್ಕೆ ಡ್ರಿಲ್‌ನಲ್ಲಿ ಐದಾರು ತೂತು ಕೊರೆದು, ಕಬ್ಬಿಣದ ಸಲಾಕೆಯಿಂದ ಬಡಿದು ಹೊರಕ್ಕೆ ಹಾಕಿ.

ಕಣ್ಣಿನೊಳಗೆ ಬೆರಳಾಡಿಸಿ ನೋಡಿ. ಒಳ್ಳೆಯ ತಲೆಯಲ್ಲಿ ಕಣ್ಣು ನಡುವೆ ಕಿರಿದಾಗಿ ಎರಡೂ ಬಾಯಲ್ಲಿ ಅಗಲವಿರುತ್ತದೆ. ಮೇಲಿನಿಂದ ಬೆಣೆ ಬಡಿದಾಗ ಮರ ಮೇಲಿನ ಅಗಲಕ್ಕೆ ಹರಡಿ ಕೂರುವುದರಿಂದ ತಲೆ ಹೊರಬರುವುದಿಲ್ಲ. ಅಗ್ಗದ ತಲೆಗಳಲ್ಲಿ ಕಣ್ಣು ನೇರ ಕೊಳವೆಯಂತಿರುತ್ತದೆ, ಅಂಥದ್ದನ್ನು ಬೆಣೆ ಎಷ್ಟು ಹೊತ್ತೂ ಹಿಡಿದಿಡಲಾರದು. ಪಿಕಾಸಿಯ ಕಾವನ್ನು ಮೇಲಿನಿಂದ ತೂರಿಸುತ್ತೇವೆ, ಬೀಸಿದಷ್ಟೂ ಬಿಗಿಯಾಗುತ್ತದೆ. ಸಮ್ಮಟಿಗೆ ಆ ಅನುಕೂಲ ಇಲ್ಲ, ಅದರ ಭದ್ರತೆಯೆಲ್ಲ ಕಣ್ಣಿನ ಆಕಾರ ಮತ್ತು ಬೆಣೆಯದು. ಕಣ್ಣಿನ ಅಂಚು ಹರಿತವಿದ್ದರೆ ಅರದಿಂದ ಮಟ್ಟ ಮಾಡಿ. ಕೆಳಗಿನ ಹರಿತ ಅಂಚು ಕಾವನ್ನು ದಿನವೂ ಸ್ವಲ್ಪ ಸ್ವಲ್ಪ ಕೊಯ್ಯುತ್ತದೆ.

ಕಣ್ಣಿನೊಳಗೆ ಇದ್ದಿಲು ಪುಡಿ ಸವರಿ ಕಾವನ್ನು ತೂರಿ ತೆಗೆಯಿರಿ. ಕಪ್ಪು ಹತ್ತಿದ ಕಡೆ ಮಾತ್ರ ಮರದ ಅರದಿಂದ ಉಜ್ಜಿ. ಏಳೆಂಟು ಸಲ ಮಾಡಬೇಕಾಗಬಹುದು, ಇಲ್ಲಿ ಅವಸರ ಪಟ್ಟರೆ ಉಳಿದದ್ದೆಲ್ಲ ವ್ಯರ್ಥ. ನಂತರ ಕಾವಿನ ಮೇಲ್ತುದಿಯಲ್ಲಿ, ಕಣ್ಣಿನ ಉದ್ದ ದಿಕ್ಕಿಗೆ, ಗರಗಸದಿಂದ ಒಂದು ಸೀಳು ಹಾಕಿ. ಕಣ್ಣಿನ ಆಳದ ಮೂರನೇ ಎರಡು ಭಾಗ ಸಾಕು. ಕಣ್ಣು 60 ಮಿ.ಮೀ. ಆಳವಿದ್ದರೆ ಸೀಳು 40 ಮಿ.ಮೀ. ಅದಕ್ಕಿಂತ ಕೆಳಗಿಳಿದರೆ ಸೀಳು ತಲೆಯ ಕೆಳಗೆ ಬಿರುಕಾಗಿ ಹೊರಬರುತ್ತದೆ.

ತಲೆ ಕೂರಿಸುವಾಗ ನೆಲಕ್ಕೆ ಕುಟ್ಟಬೇಡಿ. ಕಾವನ್ನು ಒಂದು ಕೈಯಲ್ಲಿ ನೆಟ್ಟಗೆ, ತಲೆ ಕೆಳಗೆ ತೂಗುವಂತೆ ಹಿಡಿದು, ಕಾವಿನ ಬುಡಕ್ಕೆ ಮರದ ಕೊಡತಿಯಿಂದ ಬಡಿಯಿರಿ. ಭಾರದ ತಲೆ ಇದ್ದಲ್ಲೇ ನಿಲ್ಲುತ್ತದೆ, ಕಾವು ಅದರೊಳಗೆ ಇಳಿಯುತ್ತ ಹೋಗುತ್ತದೆ. ಮೇಲೆ ಐದಾರು ಮಿ.ಮೀ. ಹೊರಬರುವಷ್ಟು ಇಳಿಸಿ. ಚೆನ್ನಾಗಿ ಒಣಗಿದ ಗಟ್ಟಿ ಮರದ ಬೆಣೆ, ತೆಳು ತುದಿ 1 ಮಿ.ಮೀ., ದಪ್ಪ ತುದಿ 7 ಮಿ.ಮೀ.; ಅದನ್ನು ಸೀಳಿಗೆ ಮುಂದಕ್ಕೆ ಹೋಗದಷ್ಟು ಬಡಿಯಿರಿ. ಅದರ ಮೇಲೆ ಓರೆಯಾಗಿ ಒಂದು ಉಕ್ಕಿನ ಬೆಣೆ. ಕಬ್ಬಿಣದ ಬೆಣೆಯೊಂದನ್ನೇ ನಂಬಬೇಡಿ. ಅದು ಮರದ ಬೆಣೆ ಹಿಂದಕ್ಕೆ ಬರದಂತೆ ತಡೆಯುವುದಕ್ಕೆ ಮಾತ್ರ. ಮೇಲೆ ಹೊರಬಂದ ತುದಿಯನ್ನು ತಲೆಯ ಮಟ್ಟಕ್ಕೆ ಕತ್ತರಿಸಬೇಡಿ, ಆ ಐದಾರು ಮಿ.ಮೀ. ಹರಡಿದ ಮರವೇ ಕೊನೆಯ ತಡೆ.

ಕಾವಿನ ಉದ್ದ 36 ಅಂಗುಲ. ಹಿಡಿಯುವ ಜಾಗದಲ್ಲಿ ಸುಮಾರು 35 ಮಿ.ಮೀ. ಅಗಲ, 28 ಮಿ.ಮೀ. ದಪ್ಪ. ದಪ್ಪ ಕಾವು ಹೆಚ್ಚು ಬಾಳುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ದಪ್ಪವಾದಷ್ಟೂ ಬಾಗುವುದಿಲ್ಲ, ಪೆಟ್ಟಿನ ಅದುರು ನೇರ ಮೊಣಕೈಗೂ ಬೆಣೆಗೂ ಹೋಗುತ್ತದೆ, ಕೈಯೂ ಬೇಗ ಸೋಲುತ್ತದೆ. ಬುಡದಲ್ಲಿ ಮಾತ್ರ ಒಂದಿಷ್ಟು ಉಬ್ಬು ಬಿಡಿ, ಬೆವರಿದ ಕೈ ಜಾರದಂತೆ.

ಕೊನೆಗೆ ಅಗಸೆ ಎಣ್ಣೆ. ಮೊದಲ ಸಲ ಎಣ್ಣೆಯಷ್ಟೇ ಪ್ರಮಾಣದ ಟರ್ಪೆಂಟೈನ್ ಬೆರೆಸಿ, ಆಮೇಲೆ ಎರಡು ಸಲ ಬರಿ ಎಣ್ಣೆ; ಪ್ರತಿ ಸಲ ಒರೆಸಿ, ಒಣಗಲು ಬಿಡಿ. ಕಣ್ಣಿನ ಮೇಲೆ ಕಾಣುವ ತುದಿಗೆ ಧಾರಾಳವಾಗಿ ಕುಡಿಸಿ, ತೇವ ಒಳಹೊರಗೆ ಓಡಾಡುವುದು ಅಲ್ಲಿಂದಲೇ. ಹೊಂಗೆ ಎಣ್ಣೆ, ಹರಳೆಣ್ಣೆ, ಟ್ರ್ಯಾಕ್ಟರಿನ ಹಳೇ ಆಯಿಲ್ ಬೇಡ. ಅವು ಗಟ್ಟಿಯಾಗಿ ಒಣಗುವುದಿಲ್ಲ, ಕೈಯೂ ಜಾರುತ್ತದೆ, ಕಣ್ಣಿನೊಳಗೆ ಬೆಣೆಯೂ ಜಾರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಅದ್ದಿ.

ಪೈಪ್, ಫೈಬರ್

ಸಮ್ಮಟಿಯ ತಲೆ ಇಂಗಾಲ ಹೆಚ್ಚಿರುವ ಉಕ್ಕು, ಸುಮಾರು ಅರ್ಧ ಶೇಕಡಾ ಅಥವಾ ಅದಕ್ಕಿಂತ ಹೆಚ್ಚು. ಪೈಪ್ ಮೆತ್ತನೆಯ ಉಕ್ಕು. ಬೆಸೆದಾಗ ಕಾದ ಜಾಗದ ಬಿಸಿಯನ್ನು ಅಷ್ಟು ದೊಡ್ಡ ತಣ್ಣನೆ ತಲೆ ಕ್ಷಣದಲ್ಲಿ ಹೀರಿಕೊಳ್ಳುತ್ತದೆ. ಬೆಸುಗೆಯ ಪಕ್ಕದ ಉಕ್ಕು ಗಾಜಿನ ಹಾಗೆ ಪೆಡಸಾಗಿ, ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ. ಪ್ರತಿ ಪೆಟ್ಟಿಗೂ ಅದು ಬೆಳೆಯುತ್ತದೆ. ಮರ ಮುರಿಯುವ ಮೊದಲು ಸಡಿಲವಾಗಿ, ಸೀಳಿ, ಸದ್ದು ಬದಲಿಸಿ ಎಚ್ಚರಿಕೆ ಕೊಡುತ್ತದೆ. ಬೆಸುಗೆ ಕೊಡುವುದಿಲ್ಲ. ಮೊದಲೇ ಕಾಯಿಸಿ, ತಕ್ಕ ರಾಡ್ ಬಳಸಿ, ನಿಧಾನಕ್ಕೆ ಆರಿಸಿ ಬೆಸೆಯುವ ಕ್ರಮವಿದೆ, ಆದರೆ ಆ ಬಿಸಿಗೆ ಮುಖದ ಹದವೂ ಹೋಗಬಹುದು. ಜಿಐ ಪೈಪಿಗೆ ಲೇಪಿಸಿರುವ ಸತುವಿನ ಹೊಗೆ ಬೆಸೆಯುವವರಿಗೆ ಜ್ವರ ತರುತ್ತದೆ. ಒಂದಂಗುಲದ ಪೈಪ್ ಮೂರಡಿಗೆ ಎರಡು ಕಿಲೋ ದಾಟುತ್ತದೆ, ಮರದ ಕಾವು ಮುಕ್ಕಾಲು ಕಿಲೋ ಸುತ್ತಮುತ್ತ. ಆ ಹೆಚ್ಚಿನ ಭಾರ ಕಲ್ಲನ್ನು ಒಡೆಯುವುದಿಲ್ಲ, ನಿಮ್ಮ ಭುಜವನ್ನು ಸೋಲಿಸುತ್ತದೆ.

ಫೈಬರ್ ಗ್ಲಾಸ್ ಕಾವನ್ನು ನಾನು ತಳ್ಳಿಹಾಕುವುದಿಲ್ಲ. ತೇವಕ್ಕೆ ಉಬ್ಬುವುದಿಲ್ಲ, ಕುಗ್ಗುವುದಿಲ್ಲ, ಗೆದ್ದಲಿಲ್ಲ, ತಪ್ಪಿದ ಪೆಟ್ಟನ್ನು ಮರಕ್ಕಿಂತ ಚೆನ್ನಾಗಿ ತಡೆಯುತ್ತದೆ. ಹಳೇ ಮನೆ ಕೆಡವುವ ಕೆಲಸದಲ್ಲಿ, ಇಟ್ಟಿಗೆ, ಸರಳುಗಳ ನಡುವೆ ಕಾವಿಗೆ ಪದೇ ಪದೇ ಏಟು ಬೀಳುವಲ್ಲಿ, ಅದೇ ಒಳ್ಳೆಯದು. ದೋಷಗಳು: ಹೊರಗಿನ ಪೊರೆ ಒಡೆದರೆ ಗಾಜಿನ ನಾರು ಅಂಗೈಗೆ ಚುಚ್ಚಿ ಒಳಗೇ ಮುರಿಯುತ್ತದೆ, ತಲೆಯನ್ನು ಅಂಟಿನಿಂದ ಕೂರಿಸಿರುವುದರಿಂದ ಅಂಟು ಬಿಟ್ಟರೆ ಊರಿನಲ್ಲಿ ಸರಿಮಾಡುವವರಿಲ್ಲ, ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದರೆ ಪೊರೆ ಪುಡಿಯಾಗುತ್ತದೆ. ಕೊಂಡರೆ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಬಿಸಿಲಿಗೆ ಬಿಡಬೇಡಿ. ಕಾವು ಬಿಳಿಚಿ ನಾರು ಎದ್ದರೆ ಟೇಪು ಸುತ್ತಿ ಬಳಸಬೇಡಿ, ಬಿಸಾಡಿ. ರಬ್ಬರಿನೊಳಗೆ ಉಕ್ಕಿನ ಸರಳು ಇಟ್ಟು ಕಾರ್ಖಾನೆಯಲ್ಲೇ ಮಾಡಿದ ಕಾವುಗಳೂ ಇವೆ. ಬೆಲೆ ಹೆಚ್ಚು, ಭಾರ ಹೆಚ್ಚು, ಆದರೆ ಕೆಡವುವ ಕೆಲಸಕ್ಕೆ ನಂಬಬಹುದು. ಪೈಪ್ ಬೆಸೆದದ್ದನ್ನು ಇದರ ಜೊತೆ ಹೋಲಿಸಬೇಡಿ.

ನಿಮಗೆ ನನ್ನ ಸಲಹೆ ಇಷ್ಟು. ನಾಲ್ಕರಲ್ಲಿ ಒಂದಕ್ಕೆ, ಕೆಡವುವ ಕೆಲಸಕ್ಕೆಂದೇ, ಫೈಬರ್ ಕಾವಿನ ಸಮ್ಮಟಿ ಇರಲಿ. ಉಳಿದ ಮೂರು ಕಲ್ಲು ಸೀಳುವುದಕ್ಕೆ, ಒಣಗಿದ ಕರಿಜಾಲಿ ಚೇಗು ಅಥವಾ ಸಿಕ್ಕರೆ ತಡಸಲು. ಈಗಲೇ ಹತ್ತು ಸೀಳು ಮಾಡಿ ದಿನಾಂಕ ಬರೆದು ಒಣಗಲು ಹಾಕಿ. ಅವು ಒಣಗುವ ತನಕ ಬಡಗಿಗಳ ಬಳಿ ಹಳೇ ಗಾಡಿಯ ಜಾಲಿ ಮರ, ಹಳೇ ನೊಗ ಸಿಗುತ್ತದೆಯೇ ಕೇಳಿ. ಹತ್ತಾರು ವರ್ಷ ಒಣಗಿದ ಮರಕ್ಕಿಂತ ಒಳ್ಳೆಯ ಕಾವು ಸಿಗುವುದು ಕಷ್ಟ. ಆದರೆ ಮೊಳೆತೂತು, ಕುಟ್ಟೆ, ಹಳೇ ಬಿರುಕು ಮೂರನ್ನೂ ನೋಡಿ ತೆಗೆದುಕೊಳ್ಳಿ.

ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ಪ್ರತಿ ಸಮ್ಮಟಿಯನ್ನೂ ನೆಲಕ್ಕೆ ಮೆಲ್ಲಗೆ ತಟ್ಟಿ. ಗಟ್ಟಿ ಸದ್ದಿನ ಬದಲು ಬಡಬಡ ಎಂದರೆ ತಲೆ ಸಡಿಲವಾಗಿದೆ ಅಥವಾ ಕಾವು ಒಳಗೆ ಸೀಳಿದೆ. ಮುಖದ ಅಂಚು ಅಣಬೆಯಂತೆ ಹರಡಿದ್ದರೆ ಗ್ರೈಂಡರ್‌ನಲ್ಲಿ ನಿಧಾನಕ್ಕೆ, ನೀರಿಗೆ ಅದ್ದುತ್ತ ಸವೆಸಿ, ಆ ಚಕ್ಕೆಗಳೇ ಹಾರಿ ಕಣ್ಣಿಗೆ ಬೀಳುವುದು. ಸುತ್ತಿಗೆಯನ್ನು ಸುತ್ತಿಗೆಯಿಂದ ಹೊಡೆಯಬೇಡಿ, ಎರಡೂ ಹದ ಹಾಕಿದ ಮುಖಗಳು. ಕನ್ನಡಕ ಬೀಸುವವರಿಗೆ ಎಷ್ಟು ಮುಖ್ಯವೋ ಉಳಿ ಹಿಡಿಯುವವರಿಗೂ ಅಷ್ಟೇ ಮುಖ್ಯ. ಉಳಿಯನ್ನು ಕೈಯಲ್ಲಿ ಹಿಡಿಯದೆ ಉದ್ದ ಇಕ್ಕಳದಲ್ಲಿ ಹಿಡಿಯುವಂತೆ ಹೇಳಿ, ತಲೆ ಬೀಸುವ ನೇರದಲ್ಲಿ, ಮುಂದೆ ಆಗಲಿ ಹಿಂದೆ ಆಗಲಿ, ಯಾರೂ ನಿಲ್ಲದಂತೆ ನೋಡಿಕೊಳ್ಳಿ.